ಭಟ್ಟಿ ನುಂಗಿದಾಕಿ

ನನ್ನ ಗಂಡನ ಮನೆಯಲ್ಲಿ ಇಬ್ಬರು ಬಸುರಿಯರು ಒಂದೇ ಹೊತ್ತಿಗೆ ಇರುವಂತಿರಲಿಲ್ಲ. ಒಬ್ಬಳು ನಾನು. ಇನ್ನೊಬ್ಬಳು ಹಿತ್ತಲಿನಾಚೆ ನಿಂತಿದ್ದ ಕಬ್ಬಿಣದ ಭಟ್ಟಿ. ಈ ಮಾತು ಹೇಳಿದರೆ ನಮ್ಮ ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಾರೆ. ನಗಲಿ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಾನು ಕಲಬುರ್ಗಿಯ ಗಾಜಿಪುರದ ಕಮ್ಮಾರರ ಮಗಳು. ನಿಜಾಮರ ಕಾಲ ಅದು. ನನ್ನಪ್ಪ ಗಂಜ್ ಪೇಟೆಯಿಂದ ಕಬ್ಬಿಣ ತಂದು ಕುಡಗೋಲು, ಕುಂಟೆಯ ಕುಡ ಬಡಿಯುತ್ತಿದ್ದ. ಕಬ್ಬಿಣ ಎಲ್ಲಿಂದ ಬರುತ್ತದೆ ಅಂತ ನಾನು ಯೋಚಿಸಿದವಳೇ ಅಲ್ಲ. ಕಮಲಾಪುರಕ್ಕೆ ಸೊಸೆಯಾಗಿ ಹೋದ ಮೇಲೆ ಗೊತ್ತಾಯಿತು, ಅದು ಮಣ್ಣಿನಿಂದ ಬರುತ್ತದೆ, ಮತ್ತು ಹೆಂಗಸರ ಕೈಯ ಚರ್ಮ ತಿಂದು ಬರುತ್ತದೆ. ಊರ ಹೊರಗಿನ ಕೆಂಪು ಗುಡ್ಡದಲ್ಲಿ ಗಂಡಸರು ಅಗೆದು ತಂದು ಸುರಿಯುವ ಕಲ್ಲನ್ನು ನಾವು ಒಲೆಯಲ್ಲಿ ಹುರಿದು, ತೊಗರಿ ಕಾಳಿನಷ್ಟು ಸಣ್ಣಗೆ ಕುಟ್ಟಿ, ನೀರಲ್ಲಿ ತೊಳೆದು, ಕೈಯಲ್ಲಿ ತೂಗಿ ಆರಿಸಬೇಕು. ಹಗುರ ಇದ್ದದ್ದು ಬರೀ ಮಣ್ಣು. ಭಾರ ಇದ್ದದ್ದರಲ್ಲಿ ಕಬ್ಬಿಣ. ನನ್ನ ಅತ್ತೆಯ ಬೆರಳ ತುದಿಗಳು ಕೆಂಪಾಗಿಯೇ ಇರುತ್ತಿದ್ದವು. ತೊಳೆದರೂ ಹೋಗುತ್ತಿರಲಿಲ್ಲ.

ಭಟ್ಟಿ ಅಂದರೆ ಎದೆಯೆತ್ತರದ ಮಣ್ಣಿನ ಗೂಡು, ಬುಡದಲ್ಲಿ ಮಣ್ಣಿನ ಕೊಳವೆ, ಕೊಳವೆಗೆ ಆಡಿನ ಚರ್ಮದ ಜೋಡಿ ತಿದಿ. ಮೇಲಿನ ಬಾಯಿಯಿಂದ ಒಂದು ಬುಟ್ಟಿ ಇದ್ದಿಲು, ಒಂದು ಬೊಗಸೆ ಕಲ್ಲಿನ ನುಚ್ಚು, ಮತ್ತೆ ಇದ್ದಿಲು, ಮತ್ತೆ ನುಚ್ಚು, ಹೀಗೆ ಬೆಳಗಿನಿಂದ ಸಂಜೆಯ ತನಕ. ತಿದಿ ಊದುವವರ ಉಸಿರು ನಿಲ್ಲುವಂತಿಲ್ಲ. ಬುಡದ ಕಿಂಡಿಯಿಂದ ಕಲ್ಲಿನ ಕಸವೆಲ್ಲ ಕಿಟ್ಟವಾಗಿ ಕರಗಿ ಹರಿದು ಹೋಗುತ್ತದೆ. ಕೊನೆಗೆ ಗೂಡಿನ ಮುಂಭಾಗ ಒಡೆದು ಒಳಗಿನ ಕಬ್ಬಿಣದ ಗಡ್ಡೆಯನ್ನು ಇಕ್ಕಳದಿಂದ ಎಳೆಯುತ್ತಾರೆ. ಆ ಎಳೆಯುವುದಕ್ಕೆ ನಮ್ಮ ಮನೆಯಲ್ಲಿ ಹೆರಿಗೆ ಎನ್ನುತ್ತಿದ್ದರು.

ಹೆರಿಗೆ ಎಂದ ಮೇಲೆ ಬಸುರು ಬೇಕಲ್ಲ. ಬೆಂಕಿ ಇಡುವ ಮುಂಚೆ, ಬಸುರಿಗೆ ಮಾಡುವಂತೆಯೇ, ಭಟ್ಟಿಗೆ ಕುಬಸ ಮಾಡುತ್ತಿದ್ದರು. ಹಸಿರು ಖಣ ಸುತ್ತಿ, ಹಸಿರು ಬಳೆ ಏರಿಸಿ, ಅರಿಶಿನ ಕುಂಕುಮ ಹಚ್ಚಿ, ಸಜ್ಜಕದ ಎಡೆ ಇಡುತ್ತಿದ್ದರು. ಆ ಹೊತ್ತಿಗೆ ಮನೆಯಲ್ಲಿ ಬೇರೆ ಬಸುರಿ ಇದ್ದರೆ ಒಂದು ಇನ್ನೊಂದನ್ನು ನುಂಗುತ್ತದೆ ಅಂತ ನಂಬಿಕೆ. ಆದ್ದರಿಂದ ಬಸುರಿ ಹೊರಗೆ. ಭಟ್ಟಿಯನ್ನು ತವರಿಗೆ ಕಳಿಸಲು ಆಗುವುದಿಲ್ಲವಲ್ಲ, ನನ್ನನ್ನು ಕಳಿಸಿದರು.

ನನಗೆ ಏಳು ತಿಂಗಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಾವನಿಗೆ, "ರಸ್ತಾ ಛಲೋ ಇಲ್ರೀ. ಎಂಟು ದಿನ ತಡೀರಿ" ಅಂದರು. ಮಾವ ತಲೆ ಎತ್ತದೆ, "ಭಟ್ಟಿ ತಡೀತದೇನು?" ಅಂದರು. ಅಷ್ಟಕ್ಕೆ ಮುಗಿಯಿತು. ಗಾಡಿ ಹೂಡಿದರು. ನನ್ನ ಗಂಡ ತಿದಿ ಊದಬೇಕಿತ್ತು, ಅದಕ್ಕೆ ಗಾಡಿಯ ಜೊತೆ ಬಂದವನು ಪಕ್ಕದ ಮನೆಯ ಮುದುಕ. ಇಳಿಜಾರಿನ ಕಲ್ಲುಗಳ ಮೇಲೆ ಗಾಡಿ ಎತ್ತಿ ಎತ್ತಿ ಹಾಕಿತು. ದಾರಿಯ ನಡುವೆ ಮಹಾಗಾಂವದ ಹತ್ತಿರ, ಗುರುತು ಪರಿಚಯ ಇಲ್ಲದ ಒಬ್ಬ ಹೆಂಗಸಿನ ಪಡಸಾಲೆಯಲ್ಲಿ, ನನ್ನ ಮೊದಲ ಕೂಸು ಹುಟ್ಟಿತು. ಗಂಡು. ಅಳಲಿಲ್ಲ.

ನನ್ನ ಗಂಡ ಗಾಜಿಪುರಕ್ಕೆ ಬಂದಾಗ ಅವನ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಕಬ್ಬಿಣದ ತುಂಡು ಇತ್ತು. ಹೊಸ ಕಬ್ಬಿಣ ತೊಟ್ಟಿಲ ಕೆಳಗೆ ಇಟ್ಟರೆ ಕೂಸಿಗೆ ಗಾಳಿ ಸೋಕುವುದಿಲ್ಲ ಅಂತ ಮಾವ ಕೊಟ್ಟಿದ್ದರಂತೆ. ಗಾಡಿಯ ಮುದುಕ ಇನ್ನೂ ಊರಿಗೆ ಮರಳಿರಲಿಲ್ಲ, ದಾರಿಯಲ್ಲೂ ಯಾರೂ ಅವನಿಗೆ ಸುದ್ದಿ ಹೇಳಿರಲಿಲ್ಲ. ಅವ್ವ ಹೇಳಿದಳು. ಅವನು ಅಂಗಳದಲ್ಲಿ ಕೂತು ಬಹಳ ಹೊತ್ತು ಆ ತುಂಡನ್ನು ತಿರುಗಿಸುತ್ತಾ ಇದ್ದ. ಆಮೇಲೆ, "ಗಡ್ಡಿ ಛಲೋ ಬಂದದ. ಹಿಂತಾದು ಬಂದೇ ಇರಲಿಲ್ಲ" ಅಂದ. ಬೇರೆ ಮಾತು ಅವನಿಗೆ ಸಿಗಲಿಲ್ಲ ಅಂತ ಈಗ ತಿಳಿಯುತ್ತದೆ. ಆಗ ಅವನ ಮುಖ ನೋಡಲು ನನಗೆ ಆಗಲಿಲ್ಲ.

ಆ ತುಂಡಿನಿಂದ ಅಪ್ಪ ನನಗೆ ಒಂದು ಈಳಿಗೆ ಮಾಡಿಕೊಟ್ಟ. ತೊಟ್ಟಿಲಿಗೆ ಬಂದದ್ದು ಬದನೆಕಾಯಿ ಹೆಚ್ಚಲು ಆಯಿತು.

ಮತ್ತೆ ಬಸುರಾದಾಗ ನಾನು ಬೇರೆಯವಳೇ ಆಗಿದ್ದೆ. ಆ ವರ್ಷ ಮನೆಯ ಗಂಡಸರ ಮುಖವೂ ಬೇರೆ ಆಗಿತ್ತು. ರೈಲಿನಲ್ಲಿ ವಿಲಾಯತಿ ಕಬ್ಬಿಣ ಬಂದು ಗಂಜಿನಲ್ಲಿ ರಾಶಿ ಬೀಳುತ್ತಿತ್ತು. ನಮ್ಮ ಕಬ್ಬಿಣ ಕೊಳ್ಳುತ್ತಿದ್ದ ಸಾವಕಾರ, "ಈ ಸಲ ನೋಡಮು, ಛಲೋ ಇದ್ರ ತಗೋತೀನಿ" ಅಂದಿದ್ದ. ಅಡವಿಯಲ್ಲಿ ಬೇಕಾದ ಮರ ಕಡಿಯಲು ಸರ್ಕಾರದವರು ಬಿಡುತ್ತಿರಲಿಲ್ಲ. ಸಿಕ್ಕ ಹಸಿ ಸೌದೆಯನ್ನೇ ಸುಟ್ಟು ಇದ್ದಿಲು ಮಾಡಿದ್ದರು, ಅದರ ಮೇಲೆ ಅಕಾಲದ ಮಳೆ ಬೇರೆ ಬಿತ್ತು. ಮಾವ ರಾಶಿಯಿಂದ ಒಂದು ಇದ್ದಿಲು ಎತ್ತಿ ಮುರಿದು, ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿದರು. ಒಳ್ಳೆಯ ಇದ್ದಿಲು ಟಣ್ ಎನ್ನುತ್ತದೆ. ಇದು ಎನ್ನಲಿಲ್ಲ. "ಹಸಿ ಅದ. ಭಟ್ಟಿ ಕಾಯಂಗಿಲ್ಲ" ಅಂದರು. ನಾನು ಅಲ್ಲೇ ಕಲ್ಲು ಆರಿಸುತ್ತಾ ಕೂತಿದ್ದೆ. ನನ್ನ ಕಿವಿಯಾರೆ ಕೇಳಿದೆ. ನನ್ನ ಅತ್ತೆಯೂ ಕೇಳಿದರು, ಗಂಡನೂ ಕೇಳಿದ.

ಆದರೂ ಬೆಂಕಿ ಇಡಲು ನಿಂತರು. ಸಾವಕಾರ ಕಾಯುವುದಿಲ್ಲವಲ್ಲ. ಮತ್ತೆ ಗಾಡಿ ಹೂಡಿದರು.

ನಾನು ಹತ್ತಲಿಲ್ಲ. ಹಿತ್ತಲ ಬಾಗಿಲಿನ ಹೊಸ್ತಿಲ ಮೇಲೆ ಕೂತೆ. ಮಾವನ ಎದುರು ಅಲ್ಲಿಯ ತನಕ ಒಂದು ಮಾತೂ ಆಡಿದವಳಲ್ಲ. ಅವತ್ತು ಆಡಿದೆ. "ನಾ ಹೋಗಂಗಿಲ್ರಿ ಮಾವ. ಒಂದು ಮಹಾಗಾಂವದಾಗ ಮಣ್ಣು ಮಾಡಿ ಬಂದೀನಿ. ಭಟ್ಟಿ ಹಚ್ಚೂದು ಬಿಡೂದು ನಿಮಗ ಬಿಟ್ಟದ್ದು." ಗಂಡ ತಿದಿಯ ಹತ್ತಿರ ಹೋಗಿ ಕೂತ. ಮಾವ ನನ್ನನ್ನು ದಾಟಿ ಹೋಗಿ ಬೆಂಕಿ ಇಟ್ಟರು.

ನಡು ಹಗಲಿಗೇ ತಿಳಿಯಿತು. ಹೊಗೆ ಬೆಳ್ಳಗೆ ಏಳುತ್ತಿತ್ತು, ಕಿಟ್ಟ ಹರಿಯದೆ ಕಿಂಡಿಯಲ್ಲೇ ಗಂಜಿಯಂತೆ ಹೆಪ್ಪುಗಟ್ಟಿತು. ಸಂಜೆ ಗೂಡು ಒಡೆದರೆ ಒಳಗೆ ಇದ್ದಿಲು, ಕಲ್ಲು, ಕಿಟ್ಟ ಎಲ್ಲ ಕಲೆತು ಒಂದು ಕರೀ ಮುದ್ದೆ. ಘಣದ ಸುತ್ತಿಗೆಯ ಒಂದು ಏಟಿಗೆ ಪುಡಿಯಾಯಿತು. ಮಾವ ಆ ಪುಡಿಯನ್ನು ಕಾಲಿನಿಂದ ಸರಿಸಿದರು. ಆಮೇಲೆ ಹೊಸ್ತಿಲ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, ನಿಧಾನವಾಗಿ ಹೇಳಿದರು: "ನಿನ್ನ ಕೂಸು ನನ್ನ ಭಟ್ಟಿ ನುಂಗ್ತು."

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆ ಇನ್ನೂ ಹುಟ್ಟಿಯೂ ಇರಲಿಲ್ಲ.

ಹುಟ್ಟಿದಳು. ಗಟ್ಟಿ ಗಂಟಲು, ಓಣಿಗೆಲ್ಲ ಕೇಳುವಂತೆ ಅತ್ತಳು. ಆ ಭಟ್ಟಿ ಮತ್ತೆ ಉರಿಯಲಿಲ್ಲ. ಸಾವಕಾರ ವಿಲಾಯತಿ ಕಬ್ಬಿಣ ತೆಗೆದುಕೊಂಡ. ಸುತ್ತಲಿನ ಊರುಗಳ ಭಟ್ಟಿಗಳೂ ಒಂದೊಂದಾಗಿ ಆರಿದವು. ಆ ಊರುಗಳಲ್ಲೆಲ್ಲ ನನ್ನ ಮಗಳು ಹುಟ್ಟಿದ್ದಳೇನು? ಆದರೆ ಊರ ಬಾಯಿಗೆ ಮುಚ್ಚಳ ಇಲ್ಲ. ಅವಳು ಕೇರಿಯಲ್ಲಿ ಹೋದರೆ "ಭಟ್ಟಿ ನುಂಗಿದಾಕಿ ಬಂದಳು" ಅನ್ನುತ್ತಿದ್ದರು. ಮಾವನಂತೂ ಅವಳನ್ನು ಬೇರೆ ಹೆಸರಿನಿಂದ ಕರೆಯಲೇ ಇಲ್ಲ. ತೊಡೆಯ ಮೇಲೆ ಕೂರಿಸಿಕೊಳ್ಳಲಿಲ್ಲ. ಬೈಯಲೂ ಇಲ್ಲ. ಹೊಲದ ಕಲ್ಲಿಗೆ ಹೆಸರಿಟ್ಟಷ್ಟು ಸಹಜವಾಗಿ, "ಭಟ್ಟಿ ನುಂಗಿದಾಕಿಗಿ ರೊಟ್ಟಿ ಕೊಡು" ಅನ್ನುತ್ತಿದ್ದರು.

ನನಗೆ ಅವರಿಂದ ಬೇಕಾಗಿದ್ದದ್ದು ಒಂದೇ ಮಾತು. ಇದ್ದಿಲು ಹಸಿ ಇತ್ತು. ಅಷ್ಟೇ. ನಾಲ್ಕು ಮಂದಿಯ ಎದುರು ಒಮ್ಮೆ ಅಂದುಬಿಟ್ಟಿದ್ದರೆ ನನ್ನ ಮಗಳ ಮೇಲಿನ ಹೆಸರು ಅಳಿಸಿ ಹೋಗುತ್ತಿತ್ತು. ಅತ್ತೆಗೆ ಕೇಳಿದೆ. "ಗೊತ್ತದವ್ವಾ, ಆದ್ರ ಅವರ ಬಾಯಾಗ ಅದು ಬರಂಗಿಲ್ಲ" ಅಂದರು. ಗಂಡನಿಗೆ ಕೇಳಿದೆ. "ಮುದುಕನ ಜೀವ ಭಟ್ಟ್ಯಾಗ ಇತ್ತು, ಬಿಡು" ಅಂದ. ಯಾಕೆ ಬಿಡಲಿ? ಅವರ ಜೀವ ಭಟ್ಟಿಯಲ್ಲಿದ್ದರೆ ನನ್ನ ಜೀವ ಎಲ್ಲಿತ್ತು ಅಂತ ಯಾರೂ ಕೇಳಲಿಲ್ಲ.

ಮಗಳ ಲಗ್ನದ ಮಾತು ಬಂದಾಗ ಒಂದು ಮನೆಯವರು ನೋಡಿ ಒಪ್ಪಿ, ಹೋಗುವಾಗ ಊರಲ್ಲಿ ನೀರು ಕುಡಿಯಲು ನಿಂತು, ಆ ಹೆಸರು ಕೇಳಿ, ಸಂಬಂಧ ಬೇಡ ಅಂತ ಹೇಳಿಕಳಿಸಿದರು. ಕಮ್ಮಾರರ ಮನೆಗೆ ಭಟ್ಟಿ ನುಂಗುವವಳು ಯಾರಿಗೆ ಬೇಕು? ಅವಳು ನನ್ನೆದುರು ಅಳಲಿಲ್ಲ. ಒಳಗೆ ಹೋಗಿ ಈಳಿಗೆಯ ಮುಂದೆ ಕೂತು ಕಾಯಿಪಲ್ಯ ಹೆಚ್ಚಿದಳು. ಅದು ಯಾವ ಕಬ್ಬಿಣ ಅಂತ ನಾನು ಅವಳಿಗೆ ಹೇಳಿರಲಿಲ್ಲ.

ಆ ಬೇಸಿಗೆಯಲ್ಲೇ ಮಾವ ಹಾಸಿಗೆ ಹಿಡಿದರು. ಕಣ್ಣು ಮಂಜಾಗಿತ್ತು, ಮಾತು ಇತ್ತು. ಒಂದು ಮಧ್ಯಾಹ್ನ ಅಳಿಯಂದಿರು, ನೆಂಟರು, ಓಣಿಯ ಹಿರಿಯರು ಎಲ್ಲ ಸುತ್ತ ಕೂತಿದ್ದರು. ಇದಕ್ಕಿಂತ ಹೆಚ್ಚು ಮಂದಿ ಇನ್ನೆಂದು ಸೇರುತ್ತಾರೆ ಅಂದುಕೊಂಡು ನಾನು ತಲೆಯ ಹತ್ತಿರ ಕೂತೆ. "ಮಾವ, ಆ ಸಲ ಇದ್ದಿಲು ಹಸಿ ಇತ್ತು ಅಂತ ಒಂದು ಮಾತು ಅನ್ರಿ. ನಿಮ್ಮ ಮೊಮ್ಮಗಳ ಸಲುವಾಗಿ" ಅಂದೆ. ಅವರಿಗೆ ಕೇಳಿಸಿತ್ತು. ತುಟಿ ಅಲುಗಿತು. ನಾನು ಬಗ್ಗಿದೆ.

"ನೀರು" ಅಂದರು.

ಮಗಳು ತಂಬಿಗೆ ತಂದು, ಅವರ ತಲೆಯ ಕೆಳಗೆ ಕೈ ಹಾಕಿ ಎತ್ತಿ, ಬಾಯಿಗೆ ಹಿಡಿದಳು. ಹುಟ್ಟಿದಾಗಿನಿಂದ ಅವರ ಮೈ ಅವಳಿಗೆ ತಾಗಿದ್ದು ಅದೇ ಮೊದಲು. ಅವರು ಕುಡಿದು, ಆ ಕೈಯನ್ನು ತಡವಿ, "ಯಾರವಾ ನೀ?" ಅಂದರು.

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಅವರಿಗೆ ಗುರುತು ಸಿಗಲಿ ಅಂತಲೇ ಅಂದಳು.

"ನಾನು ರೀ ಮುತ್ಯಾ. ಭಟ್ಟಿ ನುಂಗಿದಾಕಿ."

"ಹೌದಾ" ಅಂದರು. ಕೈ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದರು.