ಊಟವಾದ ಮೇಲಿನ ಗುಳಿಗೆ

ನನ್ನ ಹೆಂಡತಿಯ ಕರುಳಿನ ಗಡ್ಡೆ ತೆಗೆದ ಮೇಲೆ ಹುಬ್ಬಳ್ಳಿಯ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಕಿಮೋ ಆಗಲೇಬೇಕು, ಅದಕ್ಕೆ ಎರಡು ದಾರಿ. ದವಾಖಾನೆಗೆ ಬಂದು ಸಲೈನಿನಲ್ಲಿ ಹಾಕಿಸಿಕೊಳ್ಳುವುದು, ಇಲ್ಲವೇ ಮನೆಯಲ್ಲೇ ಗುಳಿಗೆ ನುಂಗುವುದು. ಗುಣ ಹೆಚ್ಚುಕಡಿಮೆ ಒಂದೇ. ಸಲೈನಿಗೆ ಸರ್ಕಾರದ ಕಾರ್ಡು ನಡೆಯುತ್ತದೆ, ಗುಳಿಗೆಯನ್ನು ಹೊರಗೆ ಕೊಳ್ಳಬೇಕು.

"ಪುಕ್ಕಟ ಐತಿ ಅಂದ್ರ ಸಲಾಯನ್ನ ಚಲೋ ಅಲ್ಲೇನ್ರಿ ಸಾಹೇಬ್ರ?" ಎಂದೆ.

ಹೊರಗೆ ಬಂದ ಮೇಲೆ ಹೆಂಡತಿ ನಕ್ಕಳು. "ಪುಕ್ಕಟ ಅಂತ! ರೋಣದಿಂದ ಇಲ್ಲಿಗೆ ಬರೂದು ಪುಕ್ಕಟೇನ್ರಿ? ವಾಂತಿ ಮಾಡ್ಕೋತ ಬಸ್ನ್ಯಾಗ ಕುಂತ್ರ ಕಂಡಕ್ಟರ್ ಗದಗದಾಗ ಇಳಿಸಿ ಬಿಡ್ತಾನ. ನೀವು ನನ್ನ ಬಾಜೂಕ ಕುಂತ್ರ ಗಿರಣಿ ಯಾರು ನಡಸ್ತಾರ?"

ನಮ್ಮದು ಹಿಟ್ಟಿನ ಗಿರಣಿ. ಕಾರಿನ ಬಾಡಿಗೆ, ಅಲ್ಲಿ ಉಳಿಯುವ ಖರ್ಚು, ಜೊತೆಗಿರಲು ಸೂಡಿಯಿಂದ ಬರುವ ಅವಳ ತಂಗಿ ಬಿಡಬೇಕಾದ ಕೂಲಿ, ಎಲ್ಲ ಕೂಡಿಸಿದರೆ ಗುಳಿಗೆಯೇ ಅಗ್ಗವಾಯಿತು.

ಬೆಳಿಗ್ಗೆ ಮತ್ತು ರಾತ್ರಿ, ಊಟವಾದ ಮೇಲೆ. ಗುಳಿಗೆಯ ಕಾವಿಗೆ ಅವಳ ಅಂಗೈ ಸುಲಿದು ರೊಟ್ಟಿ ಬಡಿಯಲಾಗದಂತಾಯಿತು. ಆದರೂ ಮನೆಯಲ್ಲಿದ್ದಳು. ಗಿರಣಿ ನಿಂತ ಕೂಡಲೇ ಒಳಗಿನ ಬಳೆ ಸದ್ದು ನನಗೆ ಕೇಳುತ್ತಿತ್ತು.

ಗುಳಿಗೆಯ ಕೊನೆಯ ಸುತ್ತು ಮುಗಿದಾಗ ಅವಳ ಡಬ್ಬಿಯಲ್ಲಿ ಗುಳಿಗೆ ಉಳಿದಿದ್ದವು.

"ಇವು ಯಾಕ ಉಳದಾವ?"

"ಗುರುವಾರದ್ವು. ವಾರ ಹಿಡದೀನಲ್ರಿ, ಈ ಗುಳಿಗಿ ನನಗ ಹತ್ತಲಿ ಅಂತ ಬೇಡ್ಕೊಂಡು. ಉಪವಾಸ ಇದ್ದಾಗ ಊಟ ಆದಮ್ಯಾಲಿನ ಗುಳಿಗಿ ಹ್ಯಾಂಗ ನುಂಗ್ಲಿ?"

ನನ್ನನ್ನೇ ದಡ್ಡನಂತೆ ನೋಡಿದಳು. ಗುರುವಾರ ಅವಳು ಉಪವಾಸವಿರುವುದು ನನಗೆ ಗೊತ್ತಿತ್ತು. ಗುಳಿಗೆಯನ್ನೂ ಬಿಟ್ಟದ್ದು ಗೊತ್ತಿರಲಿಲ್ಲ.

ಮುಂದಿನ ಸ್ಕ್ಯಾನಿನಲ್ಲಿ ರೋಗ ಲಿವರಿಗೆ ಹತ್ತಿತ್ತು. ಗುರುವಾರದ ಗುಳಿಗೆಯ ವಿಷಯವನ್ನು ನಾನು ಡಾಕ್ಟರಿಗೆ ಹೇಳಿದೆ.

"ಅದರಿಂದನ ಹಿಂಗಾತೇನ್ರಿ ಸಾಹೇಬ್ರ?"

"ಹಂಗ ಹೇಳಾಕ ಬರಂಗಿಲ್ಲ."

"ಅಲ್ಲ ಅಂತರ ಹೇಳ್ರಿ."

"ಅದನ್ನೂ ಹೇಳಾಕ ಬರಂಗಿಲ್ಲ," ಎಂದು ಅವರು ಕನ್ನಡಕ ತೆಗೆದಿಟ್ಟರು.

ಆಮೇಲೆ ಸಲೈನೇ ಹಾಕಿದರು. ನರ್ಸು ಊಟ ಆಯಿತೇ ಎಂದು ಅವಳನ್ನು ಕೇಳಲಿಲ್ಲ. ಗುರುವಾರವೂ ಅದು ಹನಿಹನಿಯಾಗಿ ಇಳಿಯಿತು. ಆದರೆ ಅಷ್ಟರಲ್ಲಿ ತಡವಾಗಿತ್ತು. ಅವಳು ಉಳಿಯಲಿಲ್ಲ.

ಈಗಲೂ ಗುರುವಾರ ಸಂಜೆ ಗಿರಣಿ ನಿಲ್ಲಿಸಿದರೆ ಒಳಗೆ ಯಾರೋ ಹಸಿದು ಕೂತಂತೆ ಆಗುತ್ತದೆ. ಹೋಗಿ ನೋಡಿ ಬರುತ್ತೇನೆ.

ಮೊನ್ನೆ ಜೋಳ ಬೀಸಿಸಲು ಬಂದ ಸವಡಿ ಊರಿನವರೊಬ್ಬರು ಕೇಳಿದರು. "ನಮ್ಮವ್ವಗೂ ಅದ ಬ್ಯಾನಿ. ಗುಳಿಗಿ ಅಗ್ಗೋ, ಸಲಾಯನ್ ಅಗ್ಗೋ? ನಿಮಗ ಗೊತ್ತಿರತೈತಲ್ರಿ ಅಣ್ಣಾರ."

ಕಾರು, ಕೂಲಿ, ಕಾರ್ಡು ಎಲ್ಲ ಹೇಳಿದೆ. ಆಮೇಲೆ, "ನಿಮ್ಮವ್ವ ವಾರ ಹಿಡೀತಾರೇನ್ರಿ?" ಎಂದೆ.

"ಸೋಮಾರ ನೀರೂ ಮುಟ್ಟಂಗಿಲ್ರಿ," ಎಂದರು ಹೆಮ್ಮೆಯಿಂದ. "ಯಾಕ್ರಿ?"

ನಾನು ಗಿರಣಿ ಬಂದ್ ಮಾಡಿ ಅವರನ್ನು ಕೂರಿಸಿಕೊಂಡೆ.