ಏಕಾಂತಯ್ಯನವರ ಸ್ವಾಗತ

ಎಂಬತ್ತರ ದಶಕದಲ್ಲಿ ಕೆಂಗೇರಿಯಾಚೆಯ ನಮ್ಮ ಇಂಟರ್‌ನ್ಯಾಷನಲ್ ಶಾಲೆಗೆ ಕೀನ್ಯಾ, ಇರಾನ್, ಮಲೇಷ್ಯಾಗಳಿಂದಲೂ ಮಕ್ಕಳು ಬರುತ್ತಿದ್ದರು, ಅವರನ್ನು ಬರಮಾಡಿಕೊಳ್ಳುವುದೆಂದರೆ ಹೆಡ್‌ಮಾಸ್ಟರ್ ಏಕಾಂತಯ್ಯನವರಿಗೆ ಮನೆಯ ಮದುವೆಯಷ್ಟು ಸಡಗರ. ಇಸ್ತ್ರಿ ಮಾಡಿದ ಕೋಟು ತೊಟ್ಟು, ಕೈಯಲ್ಲಿ ಹಾರ ಹಿಡಿದು, ಆಫೀಸಿನ ಮೆಟ್ಟಿಲ ಮೇಲೆ ಬೆಳಿಗ್ಗೆಯಿಂದಲೇ ನಿಂತಿರುವರು. ಆ ಮಗುವಿನ ಭಾಷೆಯ ನಮಸ್ಕಾರವನ್ನು ಉರು ಹೊಡೆದು ಎಷ್ಟು ತಪ್ಪಾಗಿ ಹೇಳುತ್ತಿದ್ದರೆಂದರೆ, ಅಳುತ್ತಾ ಬಂದ ಮಗುವೂ ನಕ್ಕುಬಿಡುತ್ತಿತ್ತು. ಊಟದಲ್ಲಿ ಒಂದೇ ದೇಶದವರು ಒಟ್ಟಿಗೆ ಕೂತರೆ ತಾವೇ ಎಬ್ಬಿಸಿ ಬೆರೆಸುವರು. "ಇಲ್ಲಿ ಬೇರೆಯವ್ರು ಅಂತ ಯಾರೂ ಇಲ್ಲ ಕಣ್ರೋ, ಎಲ್ರೂ ನನ್ನ ಮಕ್ಕಳೇ" ಎನ್ನುವರು. ಕೀನ್ಯಾದ ವಂಜಿರು ಎಂಬ ಹುಡುಗಿಯ ಗುಂಗುರು ಕೂದಲನ್ನು ಯಾರೋ ಹಂಗಿಸಿದಾಗ, ಇಡೀ ತರಗತಿಯ ಮುಂದೆ ತಾವೇ ಅವಳ ಕ್ಷಮೆ ಕೇಳಿದ್ದರು. ಅವರ ಮಗಳು ಬಸವರಾಜೇಶ್ವರಿ ಬೇರೆ ಜಾತಿಯ ಲೇತ್ ಕೆಲಸಗಾರನನ್ನು ಮದುವೆಯಾಗಿ ಕಾಮಾಕ್ಷಿಪಾಳ್ಯದಲ್ಲಿದ್ದಳು. ಒಂದು ಮಧ್ಯಾಹ್ನ ಅವಳು ಕೂಸನ್ನು ಎತ್ತಿಕೊಂಡು ಶಾಲೆಯ ಗೇಟಿಗೇ ಬಂದಳು. ಶಾಲೆಯ ಗುಮಾಸ್ತನಾದ ನಾನು ಗೇಟಿನ ಒಳಗೆ ಮೇಷ್ಟ್ರ ಪಕ್ಕದಲ್ಲೇ ಇದ್ದೆ. "ಅಪ್ಪಾಜಿ, ಮನೆಗಂತೂ ಸೇರಿಸಲ್ಲ. ಇಲ್ಲಾದ್ರೂ ಮೊಮ್ಮಗೂನ ಒಂದ್ಸಲ ಎತ್ಕೊಳ್ಳಿ" ಎಂದಳು. ಮೇಷ್ಟ್ರ ಕೈ ಚಿಲಕದವರೆಗೂ ಹೋಯಿತು, ಆದರೆ ತೆಗೆಯಲಿಲ್ಲ. "ಎಲ್ರೂ ನೋಡ್ತಾರೆ, ಹೋಗಮ್ಮ" ಎಂದರು. ಅವಳು ಕೂಸಿನ ತಲೆಗೆ ಸೆರಗು ಹೊದಿಸಿ ಬಸ್ ಸ್ಟಾಪಿನ ಕಡೆ ನಡೆದಳು. ಅಷ್ಟರಲ್ಲಿ ಅಲ್ಲಿಗೆ ಬಂದ ವಂಜಿರು, ತನ್ನ ಅರೆಬರೆ ಕನ್ನಡದಲ್ಲಿ, "ಯಾರು ಸಾರ್ ಅದು?" ಎಂದು ಕೇಳಿದಳು. "ಯಾರೋ ಅಡ್ರೆಸ್ ಕೇಳೋಕೆ ಬಂದಿದ್ರು" ಎಂದರು ಏಕಾಂತಯ್ಯ. ಮಗಳು ಹತ್ತಿದ ಬಸ್ಸು ಮರೆಯಾದ ಮೇಲೂ ಅವರು ರಸ್ತೆಯನ್ನೇ ನೋಡುತ್ತಿದ್ದರು.