ಹೊರಗೆ ನಿಂತ ಹೆಸರು

ಪಾಣೆಮಂಗಳೂರು ಪೇಟೆಯಲ್ಲಿ ನನ್ನದು ಪೂಜಾಸಾಮಾನಿನ ಅಂಗಡಿ. ಗಣಹೋಮಕ್ಕೊಂದು ಕಟ್ಟು, ಗೃಹಪ್ರವೇಶಕ್ಕೊಂದು ಕಟ್ಟು. ಭಕ್ತಿ ಗಿರಾಕಿಯದು, ತೂಕ ನನ್ನದು. ಜನ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಕಟ್ಟು ತರಿಸಿಕೊಳ್ಳಲು ವೆಬ್‌ಸೈಟ್ ಮಾಡಿಕೊಟ್ಟವಳು ಹರಿಣಾಕ್ಷಿ. ಕೊಕ್ಕಡದಲ್ಲಿ ಹುಟ್ಟಿ, ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಕಲಿತು, ನನ್ನ ಅಂಗಡಿಯಲ್ಲಿ ಕಟ್ಟು ಕಟ್ಟುತ್ತಿದ್ದ ಅಶೋಕನನ್ನು ಮದುವೆಯಾದವಳು. ಅಟ್ಟದಲ್ಲಿ ಅವಳ ಮೇಜು, ಕೆಳಗೆ ಗಂಡ. ನಡುವೆ ಟಪಾಲಿನ ಕೆಲಸಕ್ಕೆ ನಾನು.

"ಇವರಿಗೆ ಊಟಕ್ಕೆ ಬರ್ಲಿಕ್ಕೆ ಹೇಳಿ ಧಣಿ."

"ಯಾರಿಗೆ?"

"ಇವರಿಗೆ."

ಗಂಡನ ಹೆಸರು ಬಾಯಲ್ಲಿ ಬರಬಾರದೆಂಬುದು ಅವಳ ಅತ್ತೆ ಸುಂದರಕ್ಕನ ಕ್ರಮ. ಹರಿಣಾಕ್ಷಿ ಮೊದಲು ಅತ್ತೆಯ ಮುಖ ನೋಡಿ ಪಾಲಿಸಿದಳು. ಮತ್ತೆ ನಾಲಗೆಗೆ ಅದೇ ಒಗ್ಗಿತು.

ಕಳೆದ ಮಳೆಗಾಲದಲ್ಲಿ ಇಲಿಜ್ವರ ಬಂದು ಅಶೋಕ ತೀರಿಕೊಂಡ. ಉತ್ತರಕ್ರಿಯೆ ಆಯಿತು. ಸತ್ತವರನ್ನು ಹೆಸರು ಹಿಡಿದು ಮನೆಯೊಳಗೆ ಕರೆದು, ಎಲೆ ಹಾಕಿ ಬಡಿಸಿ, ಹಿರಿಯರ ಸಾಲಿಗೆ ಸೇರಿಸುವುದೊಂದು ಮಾತ್ರ ಬಾಕಿ ಉಳಿಯಿತು. ಅಲ್ಲಿಯ ತನಕ ಅವರು ಅಂಗಳದಲ್ಲೇ ಇರುತ್ತಾರೆಂದು ನಂಬಿಕೆ. ಆ ಮನೆಯಲ್ಲಿ ಕರೆಯಬೇಕಾದವಳು ಹೆಂಡತಿ. ಅವಳು ಒಪ್ಪಲಿಲ್ಲ. ಕರೆದರೆ ಮುಗಿಯಿತಲ್ಲ ಅತ್ತೆ, ಎಂದಳಂತೆ.

ಕೆಲವು ವಾರ ಕಳೆದು ಕನ್ಯಾನದ ಗಿರಾಕಿ ಧರ್ಣಪ್ಪ ಫೋನು ಮಾಡಿದ.

"ಧಣಿ, ನನ್ನ ಅರುವತ್ತರ ಶಾಂತಿಗೆ ಮನೆಯವಳು ತರಿಸಿದ ಕಟ್ಟಿನ ಮೇಲಿನ ಹೆಸರಿನ ಚೀಟಿಯಲ್ಲಿ ಅಶೋಕ್ ಅಂತ ಉಂಟು. ಭಟ್ರು ಚೀಟಿ ನೋಡಿ ಸಂಕಲ್ಪದಲ್ಲಿ ಅದನ್ನೇ ಹೇಳಿದ್ದಾರೆ. ಆಯುಷ್ಯ ಈಗ ಅವನಿಗೆ ಹೋಯ್ತಾ, ನನಗಾ?"

"ಅರ್ಧರ್ಧ ಮಾಡಿಕೊಳ್ಳಿ ಮಾರಾಯ್ರೆ" ಎಂದೆ. ಅವನು ನಕ್ಕ. ಫೋನಿಟ್ಟ ಮೇಲೆ ನನಗೆ ನಗು ಬರಲಿಲ್ಲ.

ಮತ್ತೆ ಬೆಳ್ತಂಗಡಿಯಿಂದ, ವಿಟ್ಲದಿಂದ ಅದೇ ದೂರು. ಚೀಟಿ ಮುದ್ರಿಸುವ ಯಂತ್ರ ಕಿರ್ರೆಂದಾಗಲೆಲ್ಲ ನಾನು ಕಣ್ಣು ಬೇರೆ ಕಡೆ ಹೊರಳಿಸತೊಡಗಿದೆ. ಕಟ್ಟು ಸಾಗಿಸುವ ಆಟೋದ ಮಮ್ಮು ಒಂದನ್ನು ಎತ್ತಿದವನು ಚೀಟಿ ನೋಡಿ ಪುನಃ ಕೆಳಗಿಟ್ಟ. "ಇದನ್ನು ಕೊಂಡುಹೋಗುವುದು ನಾನಾ, ಅವನಾ? ಮೊದಲು ಇತ್ಯರ್ಥ ಆಗಲಿ."

ನಾನು ಅಟ್ಟ ಹತ್ತಿದೆ. ಹರಿಣಾಕ್ಷಿಗೆ ಎಲ್ಲ ಗೊತ್ತಿತ್ತು.

"ಒಂದೊಂದು ಆರ್ಡರಿಗೂ ಪ್ರೋಗ್ರಾಮಿನಲ್ಲಿ ಒಂದೊಂದು ಕೋಣೆ ಅಂತ ಇಟ್ಟುಕೊಳ್ಳಿ ಧಣಿ. ಗಿರಾಕಿ ಬರೆದ ಹೆಸರು ಆ ಕೋಣೆಯಲ್ಲಿ ಹುಟ್ಟಿ, ಕೆಲಸ ಮುಗಿದಾಗ ಅಲ್ಲೇ ಅಳಿಯುತ್ತದೆ. ಬೇರೆ ಕೋಣೆಗೆ ಅದು ಕಾಣುವುದಿಲ್ಲ. ಆದರೆ ಒಳಗೆ ಹೆಸರೇ ಇಲ್ಲದಿದ್ದರೆ ಪ್ರೋಗ್ರಾಮು ಹೊರಗೆ ಬಂದು ಹುಡುಕುತ್ತದೆ. ಹೊರಗೆ ಇಟ್ಟದ್ದು ಎಲ್ಲ ಕೋಣೆಗೂ ಕಾಣುತ್ತದೆ, ಯಾವಾಗಲೂ ಇರುತ್ತದೆ."

"ಹೊರಗೆ ಯಾರಿದ್ದಾರೆ?"

"ಇವರು. ಶುರುವಿಗೆ ಪರೀಕ್ಷೆ ಮಾಡ್ಲಿಕ್ಕೆ ಇವರ ಹೆಸರು ಹಾಕಿದ್ದೆ."

ಹೆಸರಿನ ಜಾಗ ಖಾಲಿ ಬಿಟ್ಟವರು ಯಾರೆಂದು ನೋಡಿದರೆ, ಗಂಡನ ಆಯುಷ್ಯಕ್ಕೆ ಪೂಜೆ ಮಾಡಿಸುವ ಹೆಂಗಸರು. ಬಾಯಲ್ಲಿ ಹೇಳದ್ದನ್ನು ಬೆರಳಲ್ಲೂ ಒತ್ತಿರಲಿಲ್ಲ. ಅಶೋಕ ಬದುಕಿದ್ದಾಗಲೂ ಹೀಗೇ ಆಗುತ್ತಿತ್ತು. ಕಟ್ಟು ಕಟ್ಟಿದವನ ಹೆಸರೆಂದು ಜನ ಸುಮ್ಮನಿದ್ದರು.

"ತೆಗೆಯಲಿಕ್ಕೆ ಎಷ್ಟು ಹೊತ್ತು?"

"ಒಂದು ಸಾಲು. ಹೊತ್ತೇನಿಲ್ಲ."

"ಮತ್ತೆ?"

"ಆ ಹೆಸರು ನಾನು ಬರೆದದ್ದು ಅಲ್ಲಿ ಮಾತ್ರ. ಯಂತ್ರದ ಶಬ್ದ ಕೇಳಿದರೆ ಕೆಳಗೆ ಇವರಿದ್ದ ಹಾಗೆ ಆಗುತ್ತದೆ."

ಸಾಮಾನು ವಾಪಸು ಬಂದರೆ ಏನು ಮಾಡಬೇಕೆಂದು ನನಗೆ ಗೊತ್ತು. ಇದಕ್ಕೆ ಗೊತ್ತಾಗಲಿಲ್ಲ. ನಾಡಿದ್ದರೊಳಗೆ ಸರಿಮಾಡು ಎಂದು ಕೆಳಗಿಳಿದೆ.

ಮರುದಿನ ಬೆಳ್ತಂಗಡಿ ಕಡೆಯಿಂದ ಆರ್ಡರು ಬಂತು: ಮೃತ್ಯುಂಜಯ ಹೋಮದ ಕಟ್ಟು, ಬೇಗ ಬೇಕು, ಯಜಮಾನರು ಆಸ್ಪತ್ರೆಯಲ್ಲಿದ್ದಾರೆ. ಹೆಸರಿನ ಜಾಗ ಖಾಲಿ. ಯಂತ್ರ ಕಿರ್ರೆಂದಿತು. ಅಶೋಕ್.

ಹರಿಣಾಕ್ಷಿ ಮೆಟ್ಟಿಲಿಳಿದು ಬಂದು ಚೀಟಿಯನ್ನು ಕಿತ್ತುಕೊಂಡಳು. ಅದನ್ನು ಹಿಡಿದೇ ನಿಂತಳು. ಮತ್ತೆ ಕೌಂಟರಿನ ಫೋನೆತ್ತಿ ಆರ್ಡರು ಮಾಡಿದ ಹೆಂಗಸಿಗೆ ಕರೆಮಾಡಿದಳು.

"ಅಕ್ಕಾ, ಯಜಮಾನರ ಹೆಸರು ಹೇಳಿ."

ಆ ಕಡೆಯ ಧ್ವನಿ ನನಗೂ ಕೇಳುತ್ತಿತ್ತು. "ಅದು ಹೇಗೆ ಹೇಳುವುದು ಮಗಾ? ಮಗ ಬರಲಿ, ಅವನು ಹೇಳ್ತಾನೆ."

"ನೀವೇ ಹೇಳಿ ಅಕ್ಕಾ. ಇರುವಾಗಲೇ ಹೇಳಿ."

ಆ ಕಡೆಯಿಂದ, ಪಕ್ಕದಲ್ಲಿದ್ದವರಿಗೂ ಕೇಳದಂತೆ ಪಿಸುಮಾತಿನಲ್ಲಿ, "ಶೀನಪ್ಪ."

ಹರಿಣಾಕ್ಷಿ ಅದನ್ನು ಕೈಯಲ್ಲೇ ಬರೆದು ಕಟ್ಟಿಗೆ ಅಂಟಿಸಿದಳು. ಮಮ್ಮು ಮಾತಿಲ್ಲದೆ ಒಯ್ದ. ಅವಳು ಮೇಲೆ ಹೋಗಿ ಆ ಸಾಲು ಅಳಿಸಿದಳು. ಹೆಸರು ತುಂಬದೆ ಆರ್ಡರು ಮುಂದೆ ಹೋಗದಂತೆಯೂ ಮಾಡಿದಳು. ಇಳಿದು ಬಂದಾಗ ಕಣ್ಣು ಕೆಂಪಗಿತ್ತು. "ಅತ್ತೆಗೆ ಫೋನು ಮಾಡಿ ಧಣಿ. ಕರೆಯುವ ಕ್ರಮ ಭಾನುವಾರ ಇಟ್ಟುಕೊಳ್ಳುವ."

ಭಾನುವಾರ ನಾನೂ ಹೋದೆ. ಒಳಗೆ ಬಾಳೆಲೆಯಲ್ಲಿ ಅವನಿಗೆ ಇಷ್ಟದ್ದೆಲ್ಲ ಬಡಿಸಿಯಾಗಿತ್ತು. ಹರಿಣಾಕ್ಷಿ ಹೊಸ್ತಿಲಲ್ಲಿ ಅಂಗಳಕ್ಕೆ ಮುಖಮಾಡಿ ನಿಂತಳು. ತುಟಿ ಅಲುಗಿತು, ಸ್ವರ ಬರಲಿಲ್ಲ.

"ನನಗೇ ಕೇಳಲಿಲ್ಲ ಮಗಾ, ಅವನಿಗೆ ಹೇಗೆ ಕೇಳಬೇಕು?" ಎಂದರು ಸುಂದರಕ್ಕ.

"ಅಶೋಕ್" ಎಂದಳು. ಗಟ್ಟಿಯಾಗಿಯೇ ಎಂದಳು. "ಅಶೋಕ್, ಒಳಗೆ ಬನ್ನಿ."

ದಾರಿ ಬಿಡುವಂತೆ ಪಕ್ಕಕ್ಕೆ ಸರಿದಳು. ಯಾರೂ ಹೇಳದೆ ನಾವೂ ಸರಿದೆವು. ಅವನು ಉಣ್ಣುವಾಗ ಯಾರೂ ನೋಡಬಾರದೆಂದು ಸುಂದರಕ್ಕ ಹೊರಗಿನಿಂದ ಬಾಗಿಲು ಎಳೆದುಕೊಂಡರು. ಅಂಗಳದಲ್ಲಿ ನಾವಷ್ಟೇ ಉಳಿದೆವು.